ಗಾಜಿನ ಕಡಲು: ದುಡಿಮೆ ಯಾರದು?

ಮನೆಯಲ್ಲಿ ಹವಳದ ತೊಟ್ಟಿ ಇಡಬೇಕೆಂದು ಹೊರಟವರಿಗೆ ಎರಡು ಬಗೆಯ ಬುದ್ಧಿವಾದ ಸಿಗುತ್ತದೆ. ಅಂಗಡಿಯವರು ಉದ್ದದ ಪಟ್ಟಿ ಬರೆದುಕೊಡುತ್ತಾರೆ: ಸ್ಕಿಮ್ಮರ್, ಚಿಲ್ಲರ್, ಎಲ್‌ಇಡಿ ದೀಪ, ಡೋಸಿಂಗ್ ಪಂಪ್, ಮೊಬೈಲಿಗೆ ಸಂದೇಶ ಕಳಿಸುವ ಕಂಟ್ರೋಲರ್. ಆ ಪಟ್ಟಿ ಕಂಡು ಬೇಸತ್ತ ಹಳಬರು ಇನ್ನೊಂದು ತುದಿಗೆ ಹೋಗುತ್ತಾರೆ. ಒಂದಿಷ್ಟು ಕಲ್ಲು, ಮರಳು, ಉಪ್ಪುನೀರು, ಕಿಟಕಿಯ ಬಿಸಿಲು ಇದ್ದರಾಯಿತು, ಮಿಕ್ಕಿದ್ದನ್ನು ಪ್ರಕೃತಿಯೇ ನೋಡಿಕೊಳ್ಳುತ್ತದೆ ಎನ್ನುತ್ತಾರೆ. ನನ್ನ ಒಲವು ಈ ಎರಡನೆಯವರ ಕಡೆಗೆ. ಆದರೆ ಸರಳತೆಯ ಹುಮ್ಮಸ್ಸಿನಲ್ಲಿ ಅವರು ಒಂದು ಲೆಕ್ಕ ಬಿಟ್ಟುಬಿಡುತ್ತಾರೆ. ಹವಳ ಬದುಕಬೇಕಾದರೆ ತೊಟ್ಟಿಯಲ್ಲಿ ಇಷ್ಟು ಕೆಲಸ ಆಗಲೇಬೇಕು: ಕೊಳೆ ಹೋಗಬೇಕು, ನೀರು ಅಲುಗಾಡಬೇಕು, ಬೆಳಕು ಬೀಳಬೇಕು, ಹವಳ ಹೀರಿಕೊಂಡ ಸುಣ್ಣದಂಶ ಮತ್ತೆ ತುಂಬಬೇಕು. ಯಾವ ವಿಧಾನ ಹಿಡಿದರೂ ಈ ಕೆಲಸ ಕಡಿಮೆಯಾಗುವುದಿಲ್ಲ, ಮಾಡುವ ಕೈ ಬದಲಾಗುತ್ತದೆ ಅಷ್ಟೆ. ಅದು ಯಂತ್ರದ ಕೈಯಿರಬಹುದು, ಸೂಕ್ಷ್ಮಜೀವಿಗಳದ್ದಿರಬಹುದು, ಮನೆಯವರದ್ದಿರಬಹುದು, ಎಲ್ಲೋ ದೂರದ ಕಡಲಿನದ್ದೂ ಇರಬಹುದು. ಒಂದು ವಿಧಾನ ಸರಳವೋ ಅಲ್ಲವೋ ಎಂದು ತೀರ್ಮಾನಿಸುವ ಮೊದಲು ಕೆಲಸ ಯಾರ ಮೇಲೆ ಬಿತ್ತು ಎಂದು ಕೇಳಬೇಕು.

ಹವಳವನ್ನು ಮನೆಯೊಳಗೆ ಬದುಕಿಸಿದ ಮೊದಲಿಗರ ಕಥೆಯಲ್ಲೇ ಈ ಪ್ರಶ್ನೆ ಎದ್ದಿತ್ತು. 1846ರಲ್ಲಿ ಆನ್ನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕಿ ಕಡಲತೀರದಲ್ಲಿ ಸಿಕ್ಕ ಪುಟ್ಟ ಹವಳಗಳನ್ನು ಜಾಡಿಯಲ್ಲಿಟ್ಟುಕೊಂಡು ಲಂಡನ್ನಿಗೆ ತಂದರು. ದಿನಾ ಹೊಸ ಕಡಲನೀರು ತರಿಸುವುದು ಆಗದ ಮಾತು, ಇದ್ದ ನೀರಿಗೇ ಗಾಳಿ ಸೇರಿಸಬೇಕು. ಅವರು ಕಂಡುಕೊಂಡ ಉಪಾಯ ಬಲು ಸುಲಭದ್ದು: ತೆರೆದ ಕಿಟಕಿಯ ಮುಂದೆ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಹೊಯ್ಯುವುದು, ದಿನಕ್ಕೆ ಅರ್ಧ-ಮುಕ್ಕಾಲು ಗಂಟೆ. ಹೊಯ್ಯುತ್ತಿದ್ದವಳು ಮನೆಕೆಲಸದವಳು. ಮರುವರ್ಷ ಥಿನ್ ಕಡಲಪಾಚಿ ತರಿಸಿ ಹವಳಗಳ ಜತೆಗೆ ಇಟ್ಟರು. ಬೆಳಕಿನಲ್ಲಿ ಪಾಚಿ ಆಮ್ಲಜನಕ ಬಿಡತೊಡಗಿ, ಆ ಹೆಂಗಸಿನ ದುಡಿಮೆಯ ಒಂದು ಪಾಲು ಗಿಡದ ಪಾಲಿಗೆ ಬಂತು. ಮುಂದೆ 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಇದೇ ತತ್ವವನ್ನು ವಿವರಿಸಿದರು: ಗಿಡ, ಮೀನು, ಬಸವನಹುಳ ಮೂರೂ ತಕ್ಕ ಪ್ರಮಾಣದಲ್ಲಿದ್ದರೆ ನೀರು ಕೆಡುವುದಿಲ್ಲ. ಇಂದಿನ ‘ನೈಸರ್ಗಿಕ’ ತೊಟ್ಟಿಗಳೆಲ್ಲ ಈ ಮಾತಿನ ಮರಿಮಕ್ಕಳು.

ಆದರೆ ಆ ಕಾಲದ ಇನ್ನೊಂದು ಪಾಠವನ್ನು ಹವ್ಯಾಸಿಗಳು ಅಷ್ಟಾಗಿ ನೆನೆಯುವುದಿಲ್ಲ. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಅಕ್ವೇರಿಯಂ ಕುರಿತು ಬರೆದ ಪುಸ್ತಕ ಜನರಿಗೆ ಹುಚ್ಚು ಹಿಡಿಸಿತು. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಗಾಜಿನ ಪಾತ್ರೆ ಮತ್ತು ಕಡಲದಂಡೆಗೆ ಹೋಗಲು ರೈಲಿನ ಟಿಕೇಟು ಇದ್ದರೆ ಸಾಕಿತ್ತು. ಸತ್ತದ್ದರ ಬದಲಿಗೆ ಇನ್ನೊಂದನ್ನು ಬಂಡೆಯಿಂದ ಕಿತ್ತು ತಂದರಾಯಿತು. ಗಾಸ್ ಅವರ ಮಗ ಎಡ್ಮಂಡ್ 1907ರ ತಮ್ಮ ಆತ್ಮಕಥನದಲ್ಲಿ, ತಂದೆಯ ಪುಸ್ತಕ ಓದಿ ಬಂದ ಸಂಗ್ರಾಹಕರ ಸಾಲು ಇಂಗ್ಲೆಂಡಿನ ದಂಡೆಯ ಬಂಡೆಗುಣಿಗಳನ್ನು ಹೇಗೆ ಬರಿದು ಮಾಡಿತೆಂದು ದುಃಖದಿಂದ ಬರೆದಿದ್ದಾರೆ. ವಿಧಾನ ಸರಳವಾಗಿದ್ದದ್ದು ನಿಜ. ಅದರ ಖರ್ಚನ್ನು ಕಡಲು ಕೊಟ್ಟಿತು.

ಅಷ್ಟಕ್ಕೂ ತೊಟ್ಟಿಯೊಳಗೆ ಕೊಳೆ ಅಷ್ಟು ದೊಡ್ಡ ಸಮಸ್ಯೆಯಾಗುವುದೇಕೆ? ಹವಳದ ದಿಬ್ಬಗಳಿರುವ ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ, ಅಂದರೆ ಅದರಲ್ಲಿ ಪೋಷಕಾಂಶ ಬಹಳ ಕಡಿಮೆ. ಇಂಥ ಬಡ ನೀರಿನಲ್ಲಿ ಅಷ್ಟು ಸಮೃದ್ಧ ಜೀವರಾಶಿ ಹೇಗೆ ಸಾಧ್ಯ ಎಂಬ ಒಗಟಿಗೆ ಡಾರ್ವಿನ್ನರ ಹೆಸರೇ ಅಂಟಿಕೊಂಡಿದೆ. 1842ರಲ್ಲಿ ಹವಳದ ದಿಬ್ಬಗಳ ರಚನೆಯ ಮೇಲೆ ಪುಸ್ತಕ ಬರೆದವರು ಅವರು. ಉತ್ತರದ ಬಹುಪಾಲು ಮಿತವ್ಯಯದಲ್ಲಿದೆ. ಹವಳದ ಅಂಗಾಂಶದೊಳಗೆ ಏಕಕೋಶದ ಪಾಚಿ ವಾಸಿಸುತ್ತದೆ. ಹವಳ ಹೊರಹಾಕುವ ಅಮೋನಿಯಾ ಪಾಚಿಗೆ ಗೊಬ್ಬರ, ಪಾಚಿ ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ ಹವಳಕ್ಕೆ ಊಟ. ಒಬ್ಬರ ಕಸ ಇನ್ನೊಬ್ಬರ ಅನ್ನವಾಗುವ ಈ ಏರ್ಪಾಟಿನಲ್ಲಿ ಹೊರಗೆ ಸೋರುವುದು ಅಲ್ಪ.

ಮನೆಯ ತೊಟ್ಟಿಯಲ್ಲಿ ಇದು ತಲೆಕೆಳಗಾಗುತ್ತದೆ. ನೀರು ನೂರು ಲೀಟರು, ಮೀನು ಆರೇಳು, ಮಕ್ಕಳು ಬಂದಾಗಲೆಲ್ಲ ಚಿಟಿಕೆ ತಿನಿಸು. ಒಳಗೆ ಹೋದದ್ದು ಹೊರಗೆ ಹೋಗಲು ದಾರಿಯಿಲ್ಲ. ಕೊಳೆತ ತಿನಿಸು ಮತ್ತು ಮೀನಿನ ವಿಸರ್ಜನೆ ಅಮೋನಿಯಾ ಆಗುತ್ತದೆ. ಕಡಲನೀರಿನ ಪಿಎಚ್ 8.1ರಿಂದ 8.3ರಷ್ಟಿರುವುದರಿಂದ ಆ ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು ತಟಸ್ಥ ಸಿಹಿನೀರಿನಲ್ಲಿರುವುದಕ್ಕಿಂತ ಹೆಚ್ಚು. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. 1890ರ ಹೊತ್ತಿಗೆ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಹೊಲದ ಮಣ್ಣಿನಲ್ಲಿ ಗುರುತಿಸಿದ್ದು ಇದೇ ಕ್ರಿಯೆಯನ್ನು. ಈ ಬ್ಯಾಕ್ಟೀರಿಯಾಗಳು ನಿಧಾನದವು. ಹಾಲು ಕೆಡಿಸುವ ಜೀವಿಗಳು ನಿಮಿಷಗಳಲ್ಲಿ ದುಪ್ಪಟ್ಟಾದರೆ ಇವಕ್ಕೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನವೇ ಬೇಕು. ಹೊಸ ತೊಟ್ಟಿಗೆ ನಾಲ್ಕರಿಂದ ಆರು ವಾರ ಕಾಯಬೇಕು ಎನ್ನುವ ನಿಯಮದ ಹಿಂದಿರುವುದು ಇಷ್ಟೆ.

ಸರಳ ವಿಧಾನದ ಆಧುನಿಕ ಇತಿಹಾಸ ಆರಂಭವಾಗುವುದು ಜಕಾರ್ತದಲ್ಲಿ. ಅಲ್ಲಿನ ಲೀ ಚಿನ್ ಎಂಗ್ 1961ರಲ್ಲಿ ಅಮೆರಿಕದ ಒಂದು ಹವ್ಯಾಸ ಪತ್ರಿಕೆಗೆ ತಮ್ಮ ವಿಧಾನ ಬರೆದು ಕಳಿಸಿದರು. ಆಗ ಪಶ್ಚಿಮದ ಹವ್ಯಾಸಿಗಳು ಬ್ಲೀಚಿನಲ್ಲಿ ತೊಳೆದ ಸತ್ತ ಹವಳವನ್ನು ಅಲಂಕಾರಕ್ಕಿಟ್ಟು, ತೊಟ್ಟಿಯನ್ನು ಆದಷ್ಟು ನಿರ್ಜೀವವಾಗಿ, ಶುಭ್ರವಾಗಿ ಇಡಲು ಹೆಣಗುತ್ತಿದ್ದರು. ಲೀ ಮಾಡಿದ್ದು ಇದಕ್ಕೆ ತದ್ವಿರುದ್ಧ. ದಿಬ್ಬದ ಬುಡದಲ್ಲಿ ಬಿದ್ದಿರುವ, ಮೈತುಂಬ ಜೀವಿಗಳು ಹತ್ತಿದ ಕಲ್ಲನ್ನು ಹಾಗೇ ತಂದಿಟ್ಟರು. ಅದನ್ನೇ ಇಂದು ಲೈವ್ ರಾಕ್ ಎನ್ನುತ್ತಾರೆ. ಜತೆಗೆ ಕಡಲಿನ ಮರಳು, ಕಡಲಿನ ನೀರು, ಸಣ್ಣಗೆ ಗಾಳಿಗುಳ್ಳೆ, ಬಿಸಿಲು. ಇಂಥ ಕಲ್ಲಿನ ಮೇಲ್ಮೈಯಲ್ಲಿರುವ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡಿದರೆ, ಆಮ್ಲಜನಕ ತಲುಪದ ಒಳರಂಧ್ರಗಳಲ್ಲಿರುವವು ನೈಟ್ರೇಟನ್ನು ಒಡೆದು ಸಾರಜನಕ ಅನಿಲವಾಗಿ ಹೊರಬಿಡುತ್ತವೆ. ಫಿಲ್ಟರ್ ಬೇಡವಾದದ್ದು ಹೀಗೆ.

ಆದರೆ ಲೀ ಅವರ ಸರಳತೆ ಜಕಾರ್ತದ ಸರಳತೆ. ಬಿಸಿಲು ಧಾರಾಳ, ವರ್ಷವಿಡೀ ಬೆಚ್ಚಗಿನ ಹವೆ, ಕಡಲು ಕೈಗೆಟಕುವಷ್ಟು ಹತ್ತಿರ. ಜರ್ಮನಿಯ ಬರ್ಲಿನ್ನಿನಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ಅಲ್ಲಿನ ಡೀಟ್ರಿಶ್ ಸ್ಟ್ಯೂಬರ್ ಮತ್ತು ಗೆಳೆಯರು ಲೈವ್ ರಾಕನ್ನು ಉಳಿಸಿಕೊಂಡು ಮುಖ್ಯವಾಗಿ ಎರಡು ಯಂತ್ರಗಳನ್ನು ಸೇರಿಸಿದರು: ಪ್ರಖರವಾದ ದೀಪ ಮತ್ತು ಸ್ಕಿಮ್ಮರ್. ಮಳೆಗಾಲದಲ್ಲಿ ಮಲ್ಪೆ, ಪಣಂಬೂರು ದಂಡೆಗಳಲ್ಲಿ ಕಂದುಬಣ್ಣದ ನೊರೆ ರಾಶಿಬೀಳುವುದನ್ನು ನೋಡಿದವರಿಗೆ ಸ್ಕಿಮ್ಮರಿನ ಕೆಲಸ ವಿವರಿಸಬೇಕಿಲ್ಲ. ಅಲೆ ಬಡಿದಾಗ ಏಳುವ ಗುಳ್ಳೆಗಳಿಗೆ ನೀರಿನಲ್ಲಿ ಕರಗಿದ ಸಾವಯವ ವಸ್ತು ಅಂಟಿಕೊಂಡು ಮೇಲೆ ಬರುತ್ತದೆ. ಯಂತ್ರ ಅದನ್ನೇ ಒಂದು ಕೊಳವೆಯೊಳಗೆ ಮಾಡಿ ನೊರೆಯನ್ನು ಬಟ್ಟಲಿಗೆ ಚೆಲ್ಲುತ್ತದೆ. ಬರ್ಲಿನ್ನಿನವರು ಯಂತ್ರ ಕಂಡು ಹಿಂಜರಿಯಲಿಲ್ಲ, ಮೋಹಗೊಳ್ಳಲೂ ಇಲ್ಲ. ಊರು ಏನನ್ನು ಕೊಡುವುದಿಲ್ಲವೋ ಅದಕ್ಕಷ್ಟೇ ಯಂತ್ರ ಇಟ್ಟರು. ನನಗೆ ಒಪ್ಪಿಗೆಯಾಗುವ ಸರಳತೆಯ ಮೊದಲ ನಿಯಮ ಇದು.

ಸುಣ್ಣದ ವಿಚಾರದಲ್ಲಿ ಅವರ ಬಳಗದ ಉಪಾಯ ನಮಗೆ ಇನ್ನೂ ಹತ್ತಿರದ್ದು. ಕಲ್ಲುಹವಳ ತನ್ನ ಅಸ್ಥಿಯನ್ನು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಕಟ್ಟುತ್ತದೆ. ಬೆಳೆದಷ್ಟೂ ನೀರಿನ ಕ್ಯಾಲ್ಸಿಯಂ ಇಳಿಯುತ್ತದೆ. ಪೀಟರ್ ವಿಲ್ಕೆನ್ಸ್ 1970ರ ದಶಕದಲ್ಲಿ ಸೂಚಿಸಿದ ಪರಿಹಾರ ಸುಣ್ಣದ ತಿಳಿನೀರು, ನಮ್ಮ ಶಾಲೆಗಳಲ್ಲಿ ಊದಿ ಬೆಳ್ಳಗೆ ಮಾಡಿ ತೋರಿಸುತ್ತಿದ್ದ ಅದೇ ನೀರು. ಸುಣ್ಣವನ್ನು ನೀರಿಗೆ ಕದಡಿ, ಗಷ್ಟ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಸಿದುಕೊಳ್ಳಬೇಕು. ಪಾತ್ರೆ ಮುಚ್ಚದೆ ಬಿಟ್ಟರೆ ತಿಳಿಯ ಮೇಲೆ ತೆಳು ಬಿಳಿ ಪರೆ ಕಟ್ಟುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಸುಣ್ಣ ಮತ್ತೆ ಕಲ್ಲಾಗುತ್ತಿರುವ ಗುರುತು ಅದು. ಪರೆ ಕಟ್ಟಿದಷ್ಟೂ ತಿಳಿಯ ಕಸುವು ಕಡಿಮೆ. ಇದರ ಪಿಎಚ್ 12ನ್ನು ಮೀರುವುದರಿಂದ ಒಮ್ಮೆಲೇ ಸುರಿಯುವಂತಿಲ್ಲ. ತೊಟ್ಟಿಯ ಪಿಎಚ್ ತಾನಾಗಿ ಇಳಿಯುವ ರಾತ್ರಿ ಹೊತ್ತಿನಲ್ಲಿ, ಆವಿಯಾದ ನೀರಿನ ಬದಲಿಗೆ, ಹನಿಹನಿಯಾಗಿ ಬಿಡಬೇಕು. ಎಲೆಯಡಿಕೆಯ ಸುಣ್ಣ ಸಾಲದು, ಶುದ್ಧವಾದದ್ದೇ ಬೇಕು. ಡೋಸಿಂಗ್ ಪಂಪ್, ಬಾಟಲಿಗಟ್ಟಲೆ ದ್ರಾವಣ ಮಾಡುವ ಕೆಲಸವನ್ನು ಚಿಕ್ಕ ತೊಟ್ಟಿಯಲ್ಲಿ ಒಂದು ಹನಿಕೊಳವೆ ಮಾಡುತ್ತದೆ. ವ್ಯಂಗ್ಯವೆಂದರೆ, ಮನ್ನಾರ್ ಕೊಲ್ಲಿಯಲ್ಲಿ ದಶಕಗಳ ಕಾಲ ಹವಳವನ್ನೇ ಅಗೆದು ಸುಣ್ಣಕ್ಕೆ ಬಳಸಿದರು.

ಈ ಮಾತು ನಮ್ಮನ್ನು ಲೆಕ್ಕದ ಕಷ್ಟದ ಭಾಗಕ್ಕೆ ತರುತ್ತದೆ. ಲೀ ಅವರ ತೊಟ್ಟಿಯಲ್ಲಿ ದುಡಿಯುತ್ತಿದ್ದ ಕಲ್ಲು ಬಂದದ್ದು ಜೀವಂತ ದಿಬ್ಬದಿಂದ. ಒಬ್ಬರು ತಂದಾಗ ದೊಡ್ಡ ಸಂಗತಿಯಲ್ಲ. ಜಗತ್ತೆಲ್ಲ ಆ ವಿಧಾನ ಮೆಚ್ಚಿಕೊಂಡಾಗ ಫಿಜಿ, ಇಂಡೊನೇಷ್ಯಾಗಳಿಂದ ವಿಮಾನದಲ್ಲಿ ಟನ್ನುಗಟ್ಟಲೆ ಕಲ್ಲು ಹಾರತೊಡಗಿತು. ಮೀನುಗಳ ಕಥೆಯೂ ಅಷ್ಟೆ. ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಹೆಚ್ಚಿನವು ಸಾಕಣೆ ಕೊಳಗಳಲ್ಲಿ ಹುಟ್ಟಿದವಾದರೆ, ಕಡಲಿನ ಜಾತಿಗಳಲ್ಲಿ ಬಹುಪಾಲು ಇಂದಿಗೂ ಕಡಲಿನಿಂದಲೇ ಹಿಡಿದು ತಂದವು. ಫಿಲಿಪ್ಪೀನ್ಸಿನಲ್ಲಿ 1960ರ ದಶಕದಿಂದ ಬಂಡೆ ಸಂದಿಗೆ ಸಯನೈಡ್ ಚಿಮ್ಮಿಸಿ, ಮಂಪರು ಬಂದ ಮೀನನ್ನು ಹೆಕ್ಕುವ ಪದ್ಧತಿ ಬೆಳೆಯಿತು. ಮೀನು ಗಿರಾಕಿಯ ತೊಟ್ಟಿಯಲ್ಲಿ ಕೆಲವು ವಾರ ಮಿಂಚಬಹುದು. ಸಂದಿಯ ಹವಳ ಅಲ್ಲೇ ಸಾಯುತ್ತದೆ. ಭಾರತದಲ್ಲಿ ಕಾನೂನು ಸ್ಪಷ್ಟ. ದಿಬ್ಬ ಕಟ್ಟುವ ಕಲ್ಲುಹವಳಗಳೆಲ್ಲ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿ ಸೇರಿದವು, ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಸತ್ತ ಹವಳದ ತುಂಡನ್ನು ಶೋಕೇಸಿನಲ್ಲಿಡುವುದೂ ಅಪರಾಧ. ಹೊರದೇಶದ ಕಲ್ಲುಹವಳಕ್ಕೆ ಸೈಟೀಸ್ ಒಪ್ಪಂದದ ಕಾಗದಪತ್ರ ಬೇಕು. ಅಂಗಡಿಯವರು ಮೂಲ ಹೇಳದಿದ್ದರೆ, ಬಿಲ್ಲು ಕೊಡದಿದ್ದರೆ, ಆ ತುಂಡು ಎಷ್ಟು ಅಗ್ಗವಾದರೂ ಕೊಳ್ಳಬಾರದು.

ಹಾಗಾದರೆ ಕಡಲಿಗೆ ಹೊರೆಯಾಗದ ಸರಳ ತೊಟ್ಟಿ ಸಾಧ್ಯವೆ? ಸಾಧ್ಯ. ಬೆಂಗಳೂರನ್ನೇ ತೆಗೆದುಕೊಳ್ಳಿ. ಬಿಸಿಲಿಗೆ ಜಕಾರ್ತ, ಕಡಲಿನಿಂದ ಇರುವ ದೂರಕ್ಕೆ ಬರ್ಲಿನ್ ಎನ್ನುವಂಥ ಊರು. ಲೈವ್ ರಾಕಿನ ಬದಲು ರಂಧ್ರಗಳಿರುವ ಒಣ ಸುಣ್ಣಕಲ್ಲು ಅಥವಾ ಅಚ್ಚು ಹಾಕಿದ ಸೆರಾಮಿಕ್ ಕಲ್ಲು ಇಟ್ಟು, ಈಗಾಗಲೇ ಚೆನ್ನಾಗಿ ನಡೆಯುತ್ತಿರುವ ಗೆಳೆಯರ ತೊಟ್ಟಿಯಿಂದ ಅಂಗೈಯಗಲದ ಒಂದು ಕಲ್ಲನ್ನು ತಂದು ನಡುವೆ ಇಟ್ಟರೆ ಸಾಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಅಷ್ಟರಿಂದಲೇ ಮಿಕ್ಕ ಕಲ್ಲುಗಳಿಗೂ ಜೀವ ಹತ್ತುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಂಶ, ಸಾಂದ್ರತೆ 1.025ರ ಆಸುಪಾಸು, ಉಷ್ಣತೆ 25ರಿಂದ 27 ಡಿಗ್ರಿ. ಅಡುಗೆ ಉಪ್ಪು ನಡೆಯದು. ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲವೂ ಬೆರೆತ ಅಕ್ವೇರಿಯಂ ಉಪ್ಪೇ ಆಗಬೇಕು. ಕರಾವಳಿಯವರು ಕಡಲನೀರನ್ನೇ ತರಬಹುದು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೇತ್ರಾವತಿ, ಶರಾವತಿ, ಕಾಳಿ ನದಿಗಳ ಕೆಂಪು ನೀರು ದಂಡೆಯ ಉಪ್ಪನ್ನು ಇಳಿಸಿಬಿಡುವುದರಿಂದ ಆ ತಿಂಗಳುಗಳಲ್ಲಿ ಬೇಡ.

ಮುಂದಿನದು ಕಾಯುವ ಕೆಲಸ. ಮೊದಲೆಲ್ಲ ಗಟ್ಟಿಜೀವದ ಡ್ಯಾಮ್ಸೆಲ್ ಮೀನನ್ನು ಬಿಟ್ಟು, ಅದರ ಅಮೋನಿಯಾದಿಂದಲೇ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದರು. ಬದುಕಿದರೆ ತೊಟ್ಟಿ ಸಿದ್ಧ, ಸತ್ತರೆ ಇನ್ನೊಂದು ತಂದರಾಯಿತು. ಮಾಲೀಕರ ಅವಸರದ ಬೆಲೆಯನ್ನು ಮೀನಿನ ಕಿವಿರು ತೆರುತ್ತಿತ್ತು. ಚಿಟಿಕೆ ಮೀನುತಿನಿಸು ಕೊಳೆಯಲು ಬಿಟ್ಟರೆ ಅದೇ ಅಮೋನಿಯಾ ಬರುತ್ತದೆ, ಯಾರೂ ಸಾಯುವುದಿಲ್ಲ. ದಿನಗಳು ಕಳೆದಂತೆ ಮರಳಿನ ಮೇಲೆ ಕಂದು ಪುಡಿಯಂಥ ಡಯಾಟಮ್ ಹರಡುತ್ತದೆ. ಬೆರಳಾಡಿಸಿದರೆ ಹೊಗೆಯಂತೆ ಏಳುತ್ತದೆ. ಅದು ಹೋಗುತ್ತಲೇ ಕಲ್ಲಿನ ಮೇಲೆ ಕೂದಲಿನಂಥ ಹಸಿರು ಪಾಚಿ. ಈ ಹಂತದಲ್ಲಿ ಗಾಬರಿಯಾಗಿ ಪಾಚಿನಾಶಕ ಸುರಿಯುವವರೇ ಹೆಚ್ಚು. ಕಾದವರಿಗೆ ತಿಂಗಳುಗಳ ಮೇಲೆ ಗಾಜಿನ ಮೂಲೆಯಲ್ಲಿ ಸಾಸಿವೆಯಷ್ಟು ಗಾತ್ರದ ನಸುಗೆಂಪು ಚುಕ್ಕೆಗಳು ಕಾಣುತ್ತವೆ. ಅದು ಸುಣ್ಣಗಟ್ಟುವ ಪಾಚಿ. ತೊಟ್ಟಿಗೆ ನೆಲೆ ಸಿಕ್ಕಿತೆಂದು ಹೇಳುವುದು ಅದು, ಯಾವ ಕಂಟ್ರೋಲರೂ ಅಲ್ಲ.

ದಿನಚರಿಯಲ್ಲಿ ಎರಡು ಸಣ್ಣ ಗಣಿತಗಳು ಯಂತ್ರಗಳಿಗಿಂತ ಹೆಚ್ಚು ಉಪಕಾರಿ. ಒಂದು, ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ನೂರು ಲೀಟರಿನಲ್ಲಿ ಐದು ಲೀಟರು ಆರಿದರೆ 35 ಇದ್ದ ಉಪ್ಪಿನಂಶ 37ರ ಹತ್ತಿರಕ್ಕೆ ಏರುತ್ತದೆ. ಆದ್ದರಿಂದ ದಿನಾ ತುಂಬಬೇಕಾದದ್ದು ಸಪ್ಪೆ ನೀರು. ಗಾಜಿನ ಮೇಲೊಂದು ಗೆರೆ ಎಳೆದುಕೊಂಡರೆ ಅಳತೆ ಸಿಕ್ಕಿತು. ಎರಡು, ತೊಟ್ಟಿಯಲ್ಲಿ ನೈಟ್ರೇಟ್ ವಾರಕ್ಕೆ ಲೀಟರಿಗೆ 2 ಮಿಲಿಗ್ರಾಮಿನಂತೆ ಏರುತ್ತಿದೆ, ನೀವು ವಾರಕ್ಕೆ ಶೇಕಡ 10ರಷ್ಟು ನೀರು ಬದಲಿಸುತ್ತೀರಿ ಎಂದಿಟ್ಟುಕೊಳ್ಳಿ. ಎಷ್ಟು ನಿಷ್ಠೆಯಿಂದ ಬದಲಿಸಿದರೂ ಅದು ಕೊನೆಗೆ 20ರ ಸಮೀಪ ಹೋಗಿ ನಿಲ್ಲುತ್ತದೆ. ಅದೇ ತಿನಿಸನ್ನು ಅರ್ಧಕ್ಕಿಳಿಸಿ ಏರಿಕೆಯನ್ನು ಒಂದಕ್ಕೆ ತಂದರೆ, ಒಂದು ಲೋಟ ನೀರನ್ನೂ ಹೆಚ್ಚು ಹೊರದೆ 10ಕ್ಕೆ ನಿಲ್ಲುತ್ತದೆ. ಆರು ಮೀನಿನ ಬದಲು ಎರಡು ಸಾಕು ಎನ್ನುವುದು ವೈರಾಗ್ಯದ ಮಾತಲ್ಲ, ಕೂಡಿ ಕಳೆಯುವ ಲೆಕ್ಕ. ಕೆಲಸವನ್ನು ಇನ್ನೊಬ್ಬರಿಗೆ ದಾಟಿಸದೆ ನಿಜವಾಗಿ ಕಡಿಮೆ ಮಾಡುವ ಒಂದೇ ದಾರಿ ಇರುವುದು ಇಲ್ಲಿ, ಬಯಕೆಯನ್ನು ಇಳಿಸುವುದರಲ್ಲಿ.

ಇಷ್ಟಕ್ಕೆ ಬಲವಾದ ಆಕ್ಷೇಪವೊಂದಿದೆ. ಯಂತ್ರ ವಿಮೆಯಿದ್ದಂತೆ, ಅದನ್ನು ಬಿಡಿ ಎನ್ನುವುದು ಜೀವಿಗಳ ಪ್ರಾಣದ ಮೇಲೆ ಆಡುವ ಜೂಜು ಎನ್ನುತ್ತಾರೆ ಅನುಭವಿಗಳು. ಇದರಲ್ಲಿ ಸತ್ಯವಿದೆ. ಕರೆಂಟು ಹೋಗಿ ನೀರು ನಿಂತರೆ ಮೀನಿಗೆ ಉಸಿರಾಟ ಕಷ್ಟವಾಗಲು ಕೆಲವು ಗಂಟೆ ಸಾಕು. ಬ್ಯಾಟರಿ ಗಾಳಿಪಂಪು ಇರಲೇಬೇಕು. ಕಡಲಿನಲ್ಲಿ ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚು ಬಿಸಿ ಕೆಲವು ವಾರ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಆದದ್ದು ಅದೇ. ಏಪ್ರಿಲ್ಲಿನ ಬೆಂಗಳೂರಿನಲ್ಲಿ ಬಿಸಿಲು ಬೀಳುವ ಕಿಟಕಿಯ ತೊಟ್ಟಿ ಅದಕ್ಕಿಂತ ಬೇಗ ಕಾಯುತ್ತದೆ. ಆದರೆ ಇದಕ್ಕೆಲ್ಲ ಯಂತ್ರವೇ ಉತ್ತರವಲ್ಲ. ಪುಟ್ಟ ನ್ಯಾನೊ ತೊಟ್ಟಿಯ ಬದಲು ನೂರು-ನೂರೈವತ್ತು ಲೀಟರಿನದು ನಿಧಾನ ಕಾಯುತ್ತದೆ, ನಿಧಾನ ಕೆಡುತ್ತದೆ. ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನು ಓಡಿಸಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ. ಅಷ್ಟಕ್ಕೂ ಆಗದಿದ್ದರೆ ಚಿಲ್ಲರ್ ತರಬೇಕು, ಇಲ್ಲವೇ ಹವಳದ ಆಸೆ ಬಿಟ್ಟು ಮೀನಿನಲ್ಲೇ ತೃಪ್ತಿಪಡಬೇಕು. ಇನ್ನು ಆರ್‌ಒ ಯಂತ್ರವಂತೂ ಅನಿವಾರ್ಯ, ಬೋರ್‌ವೆಲ್ಲಿನ ಗಡಸು ನೀರಾಗಲಿ ಕ್ಲೋರಿನ್ ಬೆರೆತ ನಲ್ಲಿ ನೀರಾಗಲಿ ನೇರ ನಡೆಯದು. ಆದರೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಾಗಿ ಬರುವ ಊರಿನಲ್ಲಿ ಆರ್‌ಒ ಚೆಲ್ಲುವ ನೀರನ್ನು ಮೋರಿಗೆ ಬಿಡುವವರು ತಮ್ಮ ತೊಟ್ಟಿಯನ್ನು ಸರಳ ಎನ್ನಬಾರದು. ನೆಲ ಒರೆಸಲು, ಬಚ್ಚಲಿಗೆ ಅದು ಧಾರಾಳ ಆಗುತ್ತದೆ.

ಇನ್ನೂ ಆಳದ ಆಕ್ಷೇಪ: ಇಡುವುದಾದರೂ ಯಾಕೆ? ಹವಳ ಕಡಲಿನಲ್ಲೇ ಇರಲಿ. ನೋಡುವ ಆಸೆಯಷ್ಟೇ ಇದ್ದರೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ ಮುಳುಗಿ ನೋಡಬಹುದು. ಅಂಥವರಿಗೆ ತೊಟ್ಟಿ ಬೇಡ ಎಂದೇ ನಾನೂ ಹೇಳುತ್ತೇನೆ. ಆದರೆ ಸಾಕುವುದರಿಂದಲೇ ಬಂದ ತಿಳಿವಳಿಕೆಯೂ ಇದೆ. ಸ್ಟ್ಯೂಬರ್ ತಮ್ಮ ತೊಟ್ಟಿಯ ಹವಳವನ್ನು ಮುರಿದು ಮುರಿದು ಹಂಚಿದ್ದರಿಂದ ಎಷ್ಟೋ ಮನೆಗಳಿಗೆ ಕಡಲಿನ ಹವಳ ಬೇಕಾಗಲಿಲ್ಲ. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹಲವು ಜಾತಿಯ ಕ್ಲೌನ್ ಮೀನುಗಳನ್ನು ಹ್ಯಾಚರಿಯಲ್ಲಿ ಮರಿಮಾಡಿಸುವ ವಿಧಾನ ರೂಪಿಸಿದೆ, ಲಕ್ಷದ್ವೀಪದ ಅಗತ್ತಿಯಲ್ಲಿ ಅಲಂಕಾರಿಕ ಕಡಲಜೀವಿಗಳನ್ನು ಬೆಳೆಸಲು ಮಹಿಳೆಯರಿಗೆ ತರಬೇತಿ ಕೊಡಲಾಗಿದೆ. ಹ್ಯಾಚರಿಯ ಮೀನನ್ನೇ ಕೇಳುವ ಗಿರಾಕಿ ಹೆಚ್ಚಾದಷ್ಟೂ ಬಲೆ ಬಿಟ್ಟು ಸಾಕಣೆಗೆ ಬರುವವರು ಹೆಚ್ಚುತ್ತಾರೆ. ಇಷ್ಟಾದರೂ ಹಕ್ಕು ಪೂರ್ತಿ ನಮ್ಮದಾಗುವುದಿಲ್ಲ. ಬೇಸರ ಬಂತೆಂದು ಕಡಲಿಗೆ ಸುರಿಯುವಂತಿಲ್ಲ. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ನೀರಿನಲ್ಲಿ ಸುಮಾರು ಒಂದು ಚದರ ಮೀಟರಿನಷ್ಟು ಕಂಡ ಕಾಲರ್ಪಾ ಎಂಬ ಅಕ್ವೇರಿಯಂ ಪಾಚಿ ಮುಂದೆ ಮೆಡಿಟರೇನಿಯನ್ ಕಡಲತಳವನ್ನು ಹೆಕ್ಟೇರುಗಟ್ಟಲೆ ಆವರಿಸಿತು. ಅದೇ ಪಾಚಿ 2000ದಲ್ಲಿ ಕ್ಯಾಲಿಫೋರ್ನಿಯಾದ ಹಿನ್ನೀರೊಂದರಲ್ಲಿ ಕಾಣಿಸಿದಾಗ ಟಾರ್ಪಾಲು ಹೊದಿಸಿ ಕ್ಲೋರಿನ್ ಹಾಯಿಸಿ ನಿರ್ಮೂಲ ಮಾಡಲು ಆರು ವರ್ಷ ಹಿಡಿಯಿತು. ಒಬ್ಬರು ಒಂದು ಬಕೆಟ್ಟು ಖಾಲಿಮಾಡಿ ಉಳಿಸಿಕೊಂಡ ಶ್ರಮವನ್ನು ಒಂದು ಊರೇ ಹೊರಬೇಕಾಯಿತು.

ಹಾಗಾಗಿ ಆರಂಭಿಸುವವರಿಗೆ ನಾನು ಕೊಡುವ ಪಟ್ಟಿ ಚಿಕ್ಕದು: ದೊಡ್ಡ ತೊಟ್ಟಿ, ಒಣಕಲ್ಲು, ಒಳ್ಳೆಯ ಉಪ್ಪು, ಆರ್‌ಒ ನೀರು, ನೀರು ತಿರುಗಿಸುವ ಒಂದು ಪಂಪು, ಬ್ಯಾಟರಿ ಗಾಳಿಪಂಪು, ಒಂದು ದೀಪ, ಹ್ಯಾಚರಿಯಲ್ಲಿ ಹುಟ್ಟಿದ ಎರಡು ಕ್ಲೌನ್ ಮೀನು. ಮೊದಲ ವರ್ಷ ಹವಳ ಬೇಡ. ಆಮೇಲೂ ಕಾಗದಪತ್ರ ಸರಿಯಿದ್ದು, ಇನ್ನೊಬ್ಬರ ತೊಟ್ಟಿಯಲ್ಲೇ ಬೆಳೆದ ತುಂಡಾದರೆ ಮಾತ್ರ. ಕ್ಲೌನ್ ಮೀನು ಸಾಕಣೆಯಲ್ಲಿ ಇಪ್ಪತ್ತು ವರ್ಷ ಬದುಕಿದ್ದುಂಟು. ಬಾಡಿಗೆ ಮನೆ ಬದಲಿಸುವಾಗ, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು ಎಂಬುದನ್ನು ಮೀನು ಕೊಳ್ಳುವ ಮೊದಲೇ ಮನೆಯವರೆಲ್ಲ ಕೂತು ತೀರ್ಮಾನಿಸಬೇಕು. ಆ ಮಾತುಕತೆಯಲ್ಲಿ ತಮಗೆ ಸಮಯವಿಲ್ಲ ಎಂದು ಕಂಡುಬಂದರೆ ಯಂತ್ರ ಕೊಳ್ಳುವುದು ಮರ್ಯಾದೆಯ ದಾರಿ, ತೊಟ್ಟಿಯನ್ನೇ ಇಡದಿರುವುದು ಇನ್ನೂ ಮರ್ಯಾದೆಯ ದಾರಿ. ಎರಡೂ ಬೇಡವೆನ್ನುವವರಿಗೆ ಉಳಿಯುವುದು ದಿನದ ಕಾಲುಗಂಟೆ, ಗಾಜಿನ ಮೇಲಿನ ಆ ಗೆರೆ, ಮತ್ತು ಮೂರನೆಯ ಮೀನು ತರದಿರುವ ಸಂಯಮ.